ಟ್ರಂಕ್ ಪೋರ್ಟ್‌ಗಳ ಮೇಲೆ ವಿಲ್ಯಾನ್ ತಾನಾಗಿಯೇ ಸಾಗುವ ಬಗೆ

ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ಆರು ಸ್ವಿಚ್‌ಗಳ ಒಂದು ಸಾಲಿನ ಎರಡು ತುದಿಗಳಲ್ಲಿದ್ದ ಎರಡು ಯಂತ್ರಗಳಿಗೆ ವಿಲ್ಯಾನ್ 30 ತಲುಪಿಸಬೇಕಾಗಿತ್ತು. ವಿಲ್ಯಾನ್ ಎಂದರೆ ಅವೇ ಸ್ವಿಚ್‌ಗಳು, ಅವೇ ತಂತಿಗಳ ಮೇಲೆ ಒಂದು ಸಂಖ್ಯೆಯ ಹೆಸರಿನಲ್ಲಿ ಪ್ರತ್ಯೇಕವಾಗಿ ನಡೆಯುವ ಜಾಲ. ಕೆಲಸವೇನೂ ದೊಡ್ಡದಲ್ಲ. ಪ್ರತಿ ಸ್ವಿಚ್‌ನಲ್ಲೂ ಆ ವಿಲ್ಯಾನನ್ನು ಸೃಷ್ಟಿಸಿ, ಎರಡೂ ಬದಿಯ ಟ್ರಂಕ್ ಪೋರ್ಟ್‌ಗಳ, ಅಂದರೆ ಸ್ವಿಚ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೋರ್ಟ್‌ಗಳ, ಅನುಮತಿ ಪಟ್ಟಿಗೆ 30 ಎಂಬ ಸಂಖ್ಯೆಯನ್ನು ಸೇರಿಸಿದರೆ ಮುಗಿಯಿತು. ನಾಲ್ಕು ಸ್ವಿಚ್‌ಗಳು ಸರಿಯಾಗಿ ಆದವು. ಐದನೆಯದರಲ್ಲಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆಡ್ 30’ ಎಂಬ ಕಮಾಂಡ್‌ನಲ್ಲಿ ‘ಆಡ್’ ಎಂಬ ಪದವನ್ನು ಬಿಟ್ಟು ಎಂಟರ್ ಒತ್ತಿದೆ. ಆ ಒಂದು ಪದ ಇಲ್ಲದಿದ್ದರೆ ಕಮಾಂಡ್‌ನ ಅರ್ಥವೇ ಬದಲಾಗುತ್ತದೆ: ಇದ್ದ ಪಟ್ಟಿ ಪೂರ್ತಿ ಅಳಿಸಿಹೋಗಿ 30 ಒಂದೇ ಉಳಿಯುತ್ತದೆ. ಆ ಟ್ರಂಕ್ ಹೊತ್ತಿದ್ದ 14 ವಿಲ್ಯಾನ್‌ಗಳು ಒಮ್ಮೆಲೇ ನಿಂತುಹೋದವು. ಸ್ವಿಚ್‌ಗಳ ನಿರ್ವಹಣೆಗೆಂದೇ ಮೀಸಲಾಗಿದ್ದ ವಿಲ್ಯಾನ್ ಕೂಡ ಅವುಗಳಲ್ಲಿ ಒಂದಾಗಿದ್ದುದರಿಂದ ದೂರದಿಂದ ಸ್ವಿಚ್‌ಗೆ ಆಜ್ಞೆ ಕೊಡುತ್ತಿದ್ದ ನನ್ನ ಎಸ್‌ಎಸ್‌ಎಚ್ ಪರದೆಯ ಕರ್ಸರ್ ಇದ್ದಲ್ಲೇ ನಿಂತಿತು. ಕನ್ಸೋಲ್ ಕೇಬಲ್ ಹಿಡಿದು ಆ ಸ್ವಿಚ್ ಇರುವ ರ‍್ಯಾಕ್‌ನ ಬಳಿಗೆ ನಡೆದು, ಪಟ್ಟಿಯನ್ನು ಮತ್ತೆ ತುಂಬಿಸಿ, ಎಲ್ಲವೂ ಮರಳಿದೆಯೆಂದು ಖಚಿತಪಡಿಸಿಕೊಳ್ಳುವ ಹೊತ್ತಿಗೆ 22 ನಿಮಿಷಗಳು ಕಳೆದಿದ್ದವು.

ಆ ದಿನದ ನಂತರ ನನ್ನನ್ನು ಬಹುಕಾಲ ಕಾಡಿದ್ದು ತಪ್ಪಿಹೋದ ಪದಕ್ಕಿಂತ ಹೆಚ್ಚಾಗಿ ಆ ಕೆಲಸದ ಸ್ವರೂಪ. ವಿಲ್ಯಾನ್ 30 ಬೇಕಾಗಿದ್ದುದು ಎರಡು ತುದಿಗಳಿಗೆ ಮಾತ್ರ. ನಡುವಿನ ನಾಲ್ಕು ಸ್ವಿಚ್‌ಗಳಿಗೆ ಅದರಿಂದ ಆಗಬೇಕಾದುದು ಏನೂ ಇರಲಿಲ್ಲ. ಅವು ಕೇವಲ ದಾರಿ. ಹಾಗಿದ್ದರೂ ಕೈಯಿಂದ ಬರೆದ ಕಮಾಂಡ್‌ಗಳಲ್ಲಿ ಬಹುಪಾಲು ಆ ದಾರಿಗಾಗಿಯೇ ಖರ್ಚಾಗಿದ್ದವು, ಮತ್ತು ತಪ್ಪು ನಡೆದದ್ದೂ ಅಲ್ಲಿಯೇ. ಯಾವ ಪೋರ್ಟ್‌ಗೆ ಯಾವ ವಿಲ್ಯಾನ್ ಬೇಕು ಎಂಬ ತಿಳಿವಳಿಕೆ ಇರುವುದು ಜಾಲದ ಅಂಚಿನಲ್ಲಿ. ಅಂಚು ಕೇಳಬೇಕು, ನಡುವಿನ ಟ್ರಂಕ್‌ಗಳು ಕೇಳಿದ್ದನ್ನು ಮಾತ್ರ ಹೊರಬೇಕು. ಮನುಷ್ಯನ ಕೈ ಆ ನಡುವಿಗೆ ಪದೇ ಪದೇ ಹೋಗಬಾರದು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಟ್ರಂಕ್ ಎಂದರೆ ಏನೆಂಬುದನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. 1998ರಲ್ಲಿ ಐಇಇಇ ಸಂಸ್ಥೆ ಹೊರತಂದ 802.1ಕ್ಯೂ ಮಾನದಂಡದ ಪ್ರಕಾರ ತಂತಿಯ ಮೇಲೆ ಸಾಗುವ ಮಾಹಿತಿಯ ಕಂತಾದ ಈಥರ್ನೆಟ್ ಫ್ರೇಮ್‌ನೊಳಗೆ, ಕಳುಹಿಸಿದವರ ವಿಳಾಸದ ಬೆನ್ನಿಗೇ, 4 ಬೈಟ್‌ಗಳ ಒಂದು ಟ್ಯಾಗ್ ಕೂರುತ್ತದೆ. ಅದರಲ್ಲಿ 12 ಬಿಟ್‌ಗಳು ವಿಲ್ಯಾನ್ ಸಂಖ್ಯೆಗೆ ಮೀಸಲು. 0 ಮತ್ತು 4095 ಬಳಕೆಗೆ ಸಿಗದ ಕಾರಣ ನಮಗೆ ಉಳಿಯುವುದು 1ರಿಂದ 4094. ಈ ಟ್ಯಾಗ್‌ನಿಂದಾಗಿ ಫ್ರೇಮ್‌ನ ಗರಿಷ್ಠ ಉದ್ದ 1518ರಿಂದ 1522 ಬೈಟ್‌ಗಳಿಗೆ ಏರಿತು. ಒಂದೇ ತಂತಿಯ ಮೇಲೆ ಹಲವು ವಿಲ್ಯಾನ್‌ಗಳ ಫ್ರೇಮ್‌ಗಳನ್ನು ಈ ಟ್ಯಾಗ್‌ಗಳೊಂದಿಗೆ ಸಾಗಿಸುವ ಪೋರ್ಟೇ ಟ್ರಂಕ್. ಒಂದು ವಿಲ್ಯಾನ್ ಆ ಪೋರ್ಟ್ ದಾಟಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು: ಆ ವಿಲ್ಯಾನ್ ಸ್ವಿಚ್‌ನಲ್ಲಿ ಅಸ್ತಿತ್ವದಲ್ಲಿರಬೇಕು, ಮತ್ತು ಆ ಪೋರ್ಟ್ ಅದರ ಸದಸ್ಯನಾಗಿರಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸ ಮಾಡಿಕೊಳ್ಳದಿದ್ದರೆ ಮುಂದಿನ ಯಾವ ಮಾತೂ ಸ್ಪಷ್ಟವಾಗುವುದಿಲ್ಲ.

ಅತ್ಯಂತ ಸುಲಭವಾದ ಪರಿಹಾರವೆಂದರೆ ಎಲ್ಲ ಟ್ರಂಕ್‌ಗಳಲ್ಲೂ ಎಲ್ಲ ವಿಲ್ಯಾನ್‌ಗಳಿಗೆ ಅನುಮತಿ ಕೊಟ್ಟುಬಿಡುವುದು. ಸಿಸ್ಕೊ ಸ್ವಿಚ್‌ಗಳಲ್ಲಿ ಟ್ರಂಕ್ ಪೋರ್ಟ್‌ನ ಸಹಜ ಸ್ಥಿತಿಯೇ ಇದು. ಸಣ್ಣ ಜಾಲದಲ್ಲಿ ಇದು ಸಾಕಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್ ಫ್ರೇಮ್‌ಗಳು, ಒಬ್ಬರಿಗೇ ಹೋಗಬೇಕಾದರೂ ಗುರಿಯ ವಿಳಾಸ ಎಲ್ಲಿದೆಯೆಂದು ಸ್ವಿಚ್ ಇನ್ನೂ ಕಲಿಯದ ಯುನಿಕಾಸ್ಟ್ ಫ್ರೇಮ್‌ಗಳು ಆ ವಿಲ್ಯಾನ್‌ನ ಪ್ರತಿಯೊಂದು ಸದಸ್ಯ ಪೋರ್ಟ್‌ಗೂ ಹರಿಯುತ್ತವೆ ಎಂಬುದನ್ನು ಮರೆಯಬಾರದು. ಎಲ್ಲ ಟ್ರಂಕ್‌ಗಳೂ ಎಲ್ಲದರ ಸದಸ್ಯರಾದರೆ, ಒಂದು ಮೂಲೆಯ ಕ್ಯಾಮೆರಾ ವಿಲ್ಯಾನ್‌ನ ಗದ್ದಲ ಕ್ಯಾಮೆರಾವೇ ಇಲ್ಲದ ಇನ್ನೊಂದು ಮೂಲೆಯ ಅಪ್‌ಲಿಂಕನ್ನೂ (ಜಾಲದ ಒಳಭಾಗದತ್ತ ಹೋಗುವ ಕೊಂಡಿಯನ್ನೂ) ತುಂಬುತ್ತದೆ. ಒಂದು ವಿಲ್ಯಾನ್‌ನಲ್ಲಿ ಲೂಪ್ ಉಂಟಾಗಿ ಫ್ರೇಮ್‌ಗಳು ಸುತ್ತುತ್ತಲೇ ಉಳಿದರೆ ಅದರ ಹೊಡೆತ ಇಡೀ ಜಾಲಕ್ಕೆ ಬೀಳುತ್ತದೆ.

ಹಾಗಾದರೆ ಪರಿಹಾರವೇನು ಎಂದು ಕೇಳಿದರೆ ಬಹಳ ಜನ ವಿಟಿಪಿ ಎಂದು ಉತ್ತರಿಸುತ್ತಾರೆ. ವಿಟಿಪಿ, ಅಂದರೆ ವಿಲ್ಯಾನ್ ಟ್ರಂಕಿಂಗ್ ಪ್ರೋಟೋಕಾಲ್, ಸ್ವಿಚ್‌ಗಳು ಪರಸ್ಪರ ಮಾತಾಡಲು ಸಿಸ್ಕೊ ಕಂಪನಿ ಮಾಡಿಕೊಂಡ ಸ್ವಂತ ನಿಯಮಾವಳಿ. ಅದರ ಹೆಸರಿನಲ್ಲಿಯೇ ಟ್ರಂಕಿಂಗ್ ಎಂಬ ಪದವಿರುವುದರಿಂದ ಟ್ರಂಕ್ ಸದಸ್ಯತ್ವವನ್ನು ಅದು ನೋಡಿಕೊಳ್ಳುತ್ತದೆ ಎಂಬ ತಪ್ಪು ಕಲ್ಪನೆ ಹುಟ್ಟುತ್ತದೆ. ಅದು ಹಂಚುವುದು ವಿಲ್ಯಾನ್‌ಗಳ ಪಟ್ಟಿಯನ್ನು. ಸರ್ವರ್ ಆಗಿರುವ ಸ್ವಿಚ್‌ನಲ್ಲಿ ಒಂದು ವಿಲ್ಯಾನ್ ಸೃಷ್ಟಿಸಿದರೆ ಅದೇ ಡೊಮೇನ್‌ನ ಉಳಿದ ಸ್ವಿಚ್‌ಗಳಲ್ಲೂ ಅದು ಹುಟ್ಟುತ್ತದೆ. ಅಂದರೆ ನಾನು ಮೇಲೆ ಹೇಳಿದ ಎರಡು ಸಂಗತಿಗಳಲ್ಲಿ ಮೊದಲನೆಯದು ಮಾತ್ರ ನೆರವೇರುತ್ತದೆ. ಎರಡನೆಯದು ನೆರವೇರಿದಂತೆ ಕಾಣುವುದು ಟ್ರಂಕ್ ಪಟ್ಟಿ ಮೊದಲೇ ಎಲ್ಲದಕ್ಕೂ ತೆರೆದಿರುವುದರಿಂದ. ಅನಗತ್ಯ ಹರಿವನ್ನು ತಡೆಯಲು ಅದರಲ್ಲಿ ಪ್ರೂನಿಂಗ್ ಎಂಬ ಸೌಲಭ್ಯವಿದೆ, ಆದರೆ ಅದು 2ರಿಂದ 1001ರವರೆಗಿನ ವಿಲ್ಯಾನ್‌ಗಳಿಗಷ್ಟೇ ಅನ್ವಯಿಸುತ್ತದೆ.

ವಿಟಿಪಿಯ ನಿಜವಾದ ಅಪಾಯ ಅದರ ರಿವಿಷನ್ ಸಂಖ್ಯೆಯಲ್ಲಿದೆ. ಪಟ್ಟಿ ಬದಲಾದಾಗಲೆಲ್ಲ ಈ ಸಂಖ್ಯೆ ಒಂದು ಹೆಚ್ಚುತ್ತದೆ, ಮತ್ತು ಹೆಚ್ಚಿನ ಸಂಖ್ಯೆಯ ಪಟ್ಟಿಯೇ ಹೊಸದೆಂದು ಎಲ್ಲರೂ ನಂಬುತ್ತಾರೆ. ಮೊದಲ ಎರಡು ಆವೃತ್ತಿಗಳಲ್ಲಿ ಯಾವುದೋ ಪ್ರಯೋಗದ ಮೇಜಿನ ಮೇಲೆ ಹತ್ತಾರು ಬಾರಿ ತಿದ್ದಿದ ಹಳೆಯ ಸ್ವಿಚ್ ಒಂದನ್ನು, ಡೊಮೇನ್ ಹೆಸರು ಮತ್ತು ಪಾಸ್‌ವರ್ಡ್ ಹೊಂದಿಕೆಯಾಗುವಂತೆ, ಚಾಲ್ತಿಯಲ್ಲಿರುವ ಜಾಲಕ್ಕೆ ಜೋಡಿಸಿದರೆ ಅದರ ಪಟ್ಟಿ ಉಳಿದವರ ಪಟ್ಟಿಯನ್ನು ಅಳಿಸಿಬಿಡಬಲ್ಲದು. ಆ ಸ್ವಿಚ್ ತಾನೇ ಪಟ್ಟಿ ತಿದ್ದಲಾಗದ ಕ್ಲೈಂಟ್ ಸ್ಥಿತಿಯಲ್ಲಿದ್ದರೂ ಇದು ನಡೆಯುತ್ತದೆ. ಅಳಿದ ವಿಲ್ಯಾನ್‌ಗಳಿಗೆ ಸೇರಿದ್ದ ಆಕ್ಸೆಸ್ ಪೋರ್ಟ್‌ಗಳೆಲ್ಲ, ಅಂದರೆ ಯಂತ್ರಗಳನ್ನು ನೇರವಾಗಿ ಜೋಡಿಸುವ ಪೋರ್ಟ್‌ಗಳೆಲ್ಲ, ನಿಷ್ಕ್ರಿಯವಾಗುತ್ತವೆ. ಮೂರನೆಯ ಆವೃತ್ತಿಯಲ್ಲಿ ಪ್ರೈಮರಿ ಸರ್ವರ್ ಎಂದು ಗುರುತಿಸಿದ ಒಂದು ಸ್ವಿಚ್ ಮಾತ್ರ ಪಟ್ಟಿಯನ್ನು ಬದಲಿಸಬಲ್ಲದು, 4094ರವರೆಗಿನ ಸಂಖ್ಯೆಗಳೂ ಅದಕ್ಕೆ ದಕ್ಕುತ್ತವೆ. ಇದು ದೊಡ್ಡ ಸುಧಾರಣೆಯೇ ಸರಿ. ಆದರೂ ಒಂದು ಕೇಂದ್ರದಿಂದ ಪಟ್ಟಿಯನ್ನು ಎಲ್ಲರ ಮೇಲೂ ಹೇರುವ ಮೂಲ ಆಲೋಚನೆ ಹಾಗೆಯೇ ಉಳಿದಿದೆ, ಮತ್ತು ನನ್ನ ತಕರಾರು ಇರುವುದು ಆ ಆಲೋಚನೆಯ ಬಗ್ಗೆ.

ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಐಇಇಇ ಹಿಡಿಯಿತು. 1998ರ ಮಾನದಂಡದಲ್ಲಿಯೇ ಜಿವಿಆರ್‌ಪಿ ಎಂಬ ಪ್ರೋಟೋಕಾಲ್ ಇತ್ತು; 2007ರಲ್ಲಿ ಬಂದ 802.1ಎಕೆ ತಿದ್ದುಪಡಿ ಅದರ ಜಾಗಕ್ಕೆ ಎಂವಿಆರ್‌ಪಿಯನ್ನು ತಂದಿತು. ಎರಡರ ಹೃದಯವೂ ಒಂದೇ: ಘೋಷಣೆ ಮತ್ತು ನೋಂದಣಿ. ತನಗೆ ಒಂದು ವಿಲ್ಯಾನ್ ಬೇಕೆಂದು ಒಂದು ಸ್ವಿಚ್ ತನ್ನ ಟ್ರಂಕ್‌ನ ಮೇಲೆ ಘೋಷಿಸುತ್ತದೆ. ಆ ಘೋಷಣೆಯನ್ನು ಕೇಳಿಸಿಕೊಂಡ ನೆರೆಯ ಸ್ವಿಚ್, ಅದು ಬಂದ ಪೋರ್ಟನ್ನು ಆ ವಿಲ್ಯಾನ್‌ನ ಸದಸ್ಯನೆಂದು ನೋಂದಾಯಿಸಿಕೊಂಡು, ತನ್ನ ಉಳಿದ ಟ್ರಂಕ್‌ಗಳ ಮೇಲೆ ಅದೇ ಘೋಷಣೆಯನ್ನು ಮುಂದಕ್ಕೆ ದಾಟಿಸುತ್ತದೆ.

ಇದನ್ನು ಮೂರು ಸ್ವಿಚ್‌ಗಳ ಮೇಲೆ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇದರಲ್ಲಿ ಎಡವುವವರೆಲ್ಲ ಎಡವುವುದು ಒಂದೇ ಜಾಗದಲ್ಲಿ. ಮೊದಲ ಸ್ವಿಚ್, ನಡುವಿನ ಸ್ವಿಚ್, ಕೊನೆಯ ಸ್ವಿಚ್ ಒಂದೇ ಸಾಲಿನಲ್ಲಿವೆ ಎಂದುಕೊಳ್ಳಿ. ಮೊದಲನೆಯದರ ಒಂದು ಆಕ್ಸೆಸ್ ಪೋರ್ಟನ್ನು ವಿಲ್ಯಾನ್ 30ಕ್ಕೆ ಸೇರಿಸಿ ಯಂತ್ರವನ್ನು ಜೋಡಿಸಿದೆವು. ಮೊದಲನೆಯದು ನಡುವಿನದಕ್ಕೆ ಘೋಷಿಸುತ್ತದೆ. ಮೊದಲನೆಯದರತ್ತ ಮುಖ ಮಾಡಿರುವ ನಡುವಿನ ಸ್ವಿಚ್‌ನ ಪೋರ್ಟ್ 30ರ ಸದಸ್ಯನಾಗುತ್ತದೆ. ನಡುವಿನದು ಕೊನೆಯದಕ್ಕೆ ಘೋಷಿಸುತ್ತದೆ. ನಡುವಿನದರತ್ತ ಮುಖ ಮಾಡಿರುವ ಕೊನೆಯ ಸ್ವಿಚ್‌ನ ಪೋರ್ಟ್ ಸದಸ್ಯನಾಗುತ್ತದೆ. ಇಷ್ಟಾದರೂ ಕೊನೆಯದರತ್ತ ಮುಖ ಮಾಡಿರುವ ನಡುವಿನ ಪೋರ್ಟ್ ಇನ್ನೂ ಸದಸ್ಯನಾಗಿಲ್ಲ. ಘೋಷಣೆಯನ್ನು ಕಳುಹಿಸಿದ ಪೋರ್ಟ್ ಅದರಿಂದ ಸದಸ್ಯನಾಗುವುದಿಲ್ಲ, ಸ್ವೀಕರಿಸಿದ ಪೋರ್ಟ್ ಮಾತ್ರ ಆಗುತ್ತದೆ. ಹಾಗಾಗಿ 30ರ ಯಾವ ಫ್ರೇಮ್ ಕೂಡ ಕೊನೆಯ ಸ್ವಿಚ್‌ನ ಕಡೆಗೆ ಹರಿಯುವುದಿಲ್ಲ, ಹರಿಯಬೇಕಾದ ಕಾರಣವೂ ಇಲ್ಲ, ಏಕೆಂದರೆ ಅಲ್ಲಿ ಅದನ್ನು ಕೇಳಿದವರು ಇಲ್ಲ. ಕೊನೆಯ ಸ್ವಿಚ್‌ನಲ್ಲಿ 30ಕ್ಕೆ ಸೇರಿದ ಯಂತ್ರವೊಂದು ಎದ್ದ ಕೂಡಲೇ ಎದುರು ದಿಕ್ಕಿನ ಘೋಷಣೆ ಹೊರಡುತ್ತದೆ, ಉಳಿದ ಪೋರ್ಟ್‌ಗಳೂ ಸದಸ್ಯರಾಗುತ್ತವೆ, ದಾರಿ ಎರಡೂ ಕಡೆಗೆ ತೆರೆಯುತ್ತದೆ. ಬೇಕಾದಲ್ಲಿಗೆ ತಲುಪಿಸುವುದು, ಬೇಡವಾದಲ್ಲಿ ತಡೆಯುವುದು ಎಂಬ ಎರಡು ಕೆಲಸಗಳನ್ನು ಒಂದೇ ನಿಯಮ ಮಾಡಿಬಿಡುತ್ತದೆ. ಈ ಸರಳತೆಯನ್ನು ಮೊದಲ ಬಾರಿಗೆ ಅರ್ಥಮಾಡಿಕೊಂಡಾಗ ನನಗಾದ ಸಂತೋಷ ಇಂದಿಗೂ ಮಾಸಿಲ್ಲ.

ಹಳೆಯ ಜಿವಿಆರ್‌ಪಿಯನ್ನು ಏಕೆ ಬದಲಿಸಬೇಕಾಯಿತು ಎಂಬುದು ಲೆಕ್ಕದಿಂದ ತಿಳಿಯುತ್ತದೆ. ಅದರಲ್ಲಿ ಪ್ರತಿ ವಿಲ್ಯಾನ್‌ಗೆ ಉದ್ದ, ಘಟನೆ, ಸಂಖ್ಯೆ ಎಲ್ಲ ಸೇರಿ 4 ಬೈಟ್‌ಗಳು ಬೇಕಾಗುತ್ತಿದ್ದವು. 4094 ವಿಲ್ಯಾನ್‌ಗಳನ್ನೂ ಘೋಷಿಸಬೇಕಾದರೆ 16 ಸಾವಿರ ಬೈಟ್‌ಗಳನ್ನು ದಾಟಿ 11 ಫ್ರೇಮ್‌ಗಳಾಗುತ್ತವೆ. ಎಂವಿಆರ್‌ಪಿ ಇಲ್ಲಿ ಒಂದು ಜಾಣತನ ತೋರಿತು. ಒಂದು ವಿಲ್ಯಾನ್‌ನ ಬಗ್ಗೆ ಹೇಳಬಹುದಾದ ಘಟನೆಗಳು ಒಟ್ಟು 6. ಮೂರು ವಿಲ್ಯಾನ್‌ಗಳ ಘಟನೆಗಳನ್ನು ಜೋಡಿಸಿದರೆ 6 ಗುಣಿಸು 6 ಗುಣಿಸು 6, ಅಂದರೆ 216 ಸಾಧ್ಯತೆಗಳು. ಒಂದು ಬೈಟ್‌ನ 256 ಬೆಲೆಗಳೊಳಗೆ ಅದು ಅಡಕವಾಗಿ ಕೂರುತ್ತದೆ. ಒಂದು ಬೈಟ್‌ನಲ್ಲಿ ಮೂರು ವಿಲ್ಯಾನ್‌ಗಳಾದರೆ 4094ಕ್ಕೆ ಬೇಕಾಗುವುದು 1365 ಬೈಟ್‌ಗಳು. ಜಾಲದ ಎಲ್ಲ ವಿಲ್ಯಾನ್‌ಗಳ ಸ್ಥಿತಿಯೂ ಒಂದೇ ಸಾಮಾನ್ಯ ಈಥರ್ನೆಟ್ ಫ್ರೇಮ್‌ನಲ್ಲಿ ಹಿಡಿಯುತ್ತದೆ.

ಕಾಲದ ಲೆಕ್ಕವೂ ಮುಖ್ಯ. ಜಿವಿಆರ್‌ಪಿಯ ಮೂಲ ಮೌಲ್ಯಗಳ ಪ್ರಕಾರ ಜಾಯಿನ್ ಟೈಮರ್ 200 ಮಿಲಿಸೆಕೆಂಡ್, ಲೀವ್ ಟೈಮರ್ 600 ಮಿಲಿಸೆಕೆಂಡ್, ಲೀವ್‌ಆಲ್ ಟೈಮರ್ 10 ಸೆಕೆಂಡ್. ಒಬ್ಬರು ವಿಲ್ಯಾನ್ ಬೇಡವೆಂದು ಹೇಳಿದ ಕೂಡಲೇ ನೋಂದಣಿ ಅಳಿಯುವುದಿಲ್ಲ. ಅದೇ ತಂತಿಯ ಮೇಲೆ ಇನ್ನಾರಿಗಾದರೂ ಅದು ಬೇಕಾಗಿದೆಯೇ ಎಂದು ಲೀವ್ ಟೈಮರ್ ಮುಗಿಯುವವರೆಗೆ ಕಾಯಲಾಗುತ್ತದೆ. ಲೀವ್‌ಆಲ್ ಎಂಬುದು ಆಗಾಗ ಹೊರಡುವ ಒಂದು ಎಚ್ಚರಿಕೆ: ಮತ್ತೆ ಘೋಷಿಸದಿದ್ದವರ ನೋಂದಣಿ ಅಳಿಯುತ್ತದೆ. ಇದರಿಂದಾಗಿ ಯಾವುದೋ ಫ್ರೇಮ್ ಕಳೆದುಹೋಗಿ ಉಳಿದುಕೊಂಡ ಹಳೆಯ ನೋಂದಣಿಗಳು ತಾವಾಗಿಯೇ ತೊಳೆದುಹೋಗುತ್ತವೆ. ಈ ಟೈಮರ್‌ಗಳ ಬೆಲೆ ಜಾಲದಾದ್ಯಂತ ಒಂದೇ ಆಗಿರಬೇಕು. ಒಂದು ಸ್ವಿಚ್‌ನ ಲೀವ್ ಇನ್ನೊಂದರ ಜಾಯಿನ್‌ಗೆ ತೀರಾ ಹತ್ತಿರವಾದರೆ, ಉತ್ತರ ಬರುವ ಮೊದಲೇ ನೋಂದಣಿ ಅಳಿದು, ವಿಲ್ಯಾನ್ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ.

ಈಗ ಕೈಗೆ ಸಿಗದೆ ಸತಾಯಿಸುವ ದೋಷಗಳ ಮಾತು. ಎಂವಿಆರ್‌ಪಿ ಫ್ರೇಮ್‌ಗಳು 01-80-ಸಿ2-00-00-21 ಎಂಬ ಗುಂಪು ವಿಳಾಸಕ್ಕೆ ಹೋಗುತ್ತವೆ. ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ ಪ್ರೋಟೋಕಾಲ್ ಬಳಸುವ, 00ಯಿಂದ ಕೊನೆಯಾಗುವ ವಿಳಾಸವನ್ನು ಮಾನದಂಡ ಪಾಲಿಸುವ ಸ್ವಿಚ್ ಮುಂದಕ್ಕೆ ಬಿಡಬಾರದು. ಆದರೆ 21ರಿಂದ ಕೊನೆಯಾಗುವ ಈ ವಿಳಾಸವನ್ನು, ಎಂವಿಆರ್‌ಪಿ ತಿಳಿಯದ ಸ್ವಿಚ್, ಸಾಮಾನ್ಯ ಮಲ್ಟಿಕಾಸ್ಟ್‌ನಂತೆ ಮುಂದಕ್ಕೆ ಬಿಡುತ್ತದೆ. ಪರಿಣಾಮವನ್ನು ಊಹಿಸಿ. ನಡುವೆ ಎಂವಿಆರ್‌ಪಿ ತಿಳಿಯದ ಒಂದು ಸ್ವಿಚ್ ಇದೆ, ಅದರ ಟ್ರಂಕ್ ಪಟ್ಟಿಯಲ್ಲಿ 30 ಇಲ್ಲ. ಅದರ ಆಚೀಚೆಯ ಎರಡು ಸ್ವಿಚ್‌ಗಳು ಪರಸ್ಪರರ ಘೋಷಣೆಗಳನ್ನು ಕೇಳಿಸಿಕೊಂಡು ನೋಂದಣಿ ಮಾಡಿಕೊಳ್ಳುತ್ತವೆ. ಎರಡೂ ಬದಿಯ ಕೋಷ್ಟಕದಲ್ಲಿ ದಾರಿ ತೆರೆದಿದೆ, ಆದರೆ 30ರ ಟ್ಯಾಗ್ ಹೊತ್ತ ಒಂದೇ ಒಂದು ಫ್ರೇಮ್ ದಾಟುವುದಿಲ್ಲ. ಎರಡೂ ತುದಿಗಳಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿರುವಾಗ ನಡುವನ್ನು ಅನುಮಾನಿಸಲು ಅನುಭವ ಬೇಕು.

ಇನ್ನೊಂದು ದೋಷ ಅರ್ಧ ದಾರಿಯದು. ಕೊನೆಯ ಸ್ವಿಚ್‌ನಲ್ಲಿ ಎಂವಿಆರ್‌ಪಿ ಚಾಲನೆಯಲ್ಲಿಲ್ಲ, ಆದರೆ ಯಾರೋ ಕೈಯಿಂದ ಟ್ರಂಕ್‌ಗೆ 30 ಸೇರಿಸಿದ್ದಾರೆ. ಜಾಲದಿಂದ ಹೊರಹೋಗುವ ಬಾಗಿಲಾದ ಗೇಟ್‌ವೇಯ ವಿಳಾಸ ಹುಡುಕುತ್ತ ಅಲ್ಲಿನ ಯಂತ್ರದಿಂದ ಹೊರಟ ಎಆರ್‌ಪಿ ವಿನಂತಿ ನಡುವಿನ ಸ್ವಿಚ್‌ಗೆ ಬರುತ್ತದೆ. ಅಲ್ಲಿ ಸದಸ್ಯನಲ್ಲದ ಪೋರ್ಟ್‌ಗೆ ಬಂದ ಫ್ರೇಮನ್ನು ಎಸೆಯುವ ಇಂಗ್ರೆಸ್ ಫಿಲ್ಟರಿಂಗ್ ಇದ್ದರೆ ಅದು ಬಾಗಿಲಲ್ಲೇ ಬೀಳುತ್ತದೆ. ಇಲ್ಲದಿದ್ದರೆ ವಿನಂತಿ ಗೇಟ್‌ವೇವರೆಗೂ ಹೋಗುತ್ತದೆ, ಉತ್ತರ ಮಾತ್ರ ಕೆಳಗಿಳಿಯುವುದಿಲ್ಲ, ಏಕೆಂದರೆ ಕೆಳಮುಖದ ಪೋರ್ಟ್ ಸದಸ್ಯನಾಗಿಲ್ಲ. ಮೇಲಿನಿಂದ ನೋಡಿದವರಿಗೆ ಯಂತ್ರ ಜೀವಂತವಾಗಿದೆ, ಕೆಳಗಿನಿಂದ ನೋಡಿದವರಿಗೆ ಗೇಟ್‌ವೇ ಸತ್ತಿದೆ.

ಮೇಲಿನ ಎರಡು ಉದಾಹರಣೆಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಎಂವಿಆರ್‌ಪಿ ಆಡದವರ ಪರವಾಗಿ ಯಾರಾದರೂ ಘೋಷಿಸಲೇಬೇಕು. ಫೈರ್‌ವಾಲ್ ಅನೇಕ ಸಂದರ್ಭಗಳಲ್ಲಿ ಈ ಭಾಷೆ ಆಡುವುದಿಲ್ಲ. ಲಿನಕ್ಸ್‌ನಲ್ಲಿ ವಿಲ್ಯಾನ್ ಇಂಟರ್‌ಫೇಸ್ ಸೃಷ್ಟಿಸುವಾಗ ‘ಎಂವಿಆರ್‌ಪಿ ಆನ್’ ಎಂದು ಸೇರಿಸಿದರೆ ಕರ್ನಲ್ ತನಗೆ ಆ ವಿಲ್ಯಾನ್ ಬೇಕೆಂದು ಘೋಷಿಸುತ್ತದೆ. ಅದು ಬೇಡಿಕೆ ಇಡುವ ಪಾತ್ರವನ್ನಷ್ಟೇ ವಹಿಸುತ್ತದೆ, ಆದರೆ ತುದಿಯ ಯಂತ್ರಕ್ಕೆ ಅಷ್ಟೇ ಸಾಕು. ಹಾಗೆ ಬೇಡಿಕೆ ಇಡಲಾಗದ ಸಾಧನಗಳತ್ತ ಮುಖ ಮಾಡಿದ ಪೋರ್ಟ್‌ನಲ್ಲಿ ಸದಸ್ಯತ್ವವನ್ನು ಫಿಕ್ಸೆಡ್ ಎಂದು ಕೈಯಿಂದಲೇ ಬರೆಯಬೇಕು. ಆಗ ಆ ಸ್ವಿಚ್ ಅವುಗಳ ಪರವಾಗಿ ಉಳಿದವರಿಗೆ ಘೋಷಿಸುತ್ತದೆ. ಇದಕ್ಕೆ ಎದುರಾಗಿ ಫಾರ್ಬಿಡನ್ ಎಂಬ ಗುರುತೂ ಇದೆ: ಯಾರು ಎಷ್ಟು ಕೇಳಿದರೂ ಆ ಪೋರ್ಟ್‌ನಲ್ಲಿ ಆ ವಿಲ್ಯಾನ್ ನೋಂದಣಿಯಾಗುವುದಿಲ್ಲ. ನಿರ್ವಹಣೆಯ ವಿಲ್ಯಾನನ್ನು ನಾನು ಎಲ್ಲ ಟ್ರಂಕ್‌ಗಳಲ್ಲೂ ಫಿಕ್ಸೆಡ್ ಮಾಡಿಯೇ ಇಡುತ್ತೇನೆ. ಜಾಲ ಕೆಟ್ಟಾಗ ಅದನ್ನು ತಲುಪುವ ದಾರಿಯನ್ನು, ಕೆಟ್ಟಿರಬಹುದಾದ ಪ್ರೋಟೋಕಾಲ್‌ಗೇ ಒಪ್ಪಿಸುವುದು ಸರಿಯಲ್ಲ.

ಭದ್ರತೆಯ ವಿಷಯದಲ್ಲಿ ನಿಯಮ ಚಿಕ್ಕದು. ಎಂವಿಆರ್‌ಪಿಯಲ್ಲಿ ಪಾಸ್‌ವರ್ಡ್ ಇಲ್ಲ, ಕೇಳಿದವರಿಗೆ ಸಿಗುತ್ತದೆ. ಆದ್ದರಿಂದ ಸ್ವಿಚ್‌ಗಳ ನಡುವಿನ ಪೋರ್ಟ್‌ಗಳಲ್ಲಿ, ಹೆಚ್ಚೆಂದರೆ ಮೇಲೆ ಹೇಳಿದಂಥ ಲಿನಕ್ಸ್ ಯಂತ್ರದತ್ತ ಮುಖ ಮಾಡಿದ ಪೋರ್ಟ್‌ನಲ್ಲಿ, ಮಾತ್ರ ಅದು ನಡೆಯಬೇಕು, ಬಳಕೆದಾರರ ಪೋರ್ಟ್‌ಗಳಲ್ಲಿ ಎಂದಿಗೂ ಇರಬಾರದು. ಟ್ರಂಕ್ ಆಗಬೇಕೇ ಬೇಡವೇ ಎಂದು ಎರಡು ಸಿಸ್ಕೊ ಸ್ವಿಚ್‌ಗಳು ತಾವೇ ಮಾತಾಡಿಕೊಳ್ಳುವ ಡಿಟಿಪಿಯನ್ನು ನಾನು ಎಲ್ಲೆಡೆ ನಿಲ್ಲಿಸುತ್ತೇನೆ. ಯಾವ ಪೋರ್ಟ್ ಟ್ರಂಕ್ ಎಂಬುದು ತಂತಿ ಎಳೆಯುವಾಗಲೇ ಗೊತ್ತಿರುವ ಸಂಗತಿ. ಅದನ್ನು ಎದುರಿನವರ ಇಚ್ಛೆಗೆ ಬಿಟ್ಟರೆ ಒಂದು ಲ್ಯಾಪ್‌ಟಾಪ್ ತಾನೂ ಸ್ವಿಚ್ ಎಂದು ಹೇಳಿಕೊಂಡು ಎಲ್ಲ ವಿಲ್ಯಾನ್‌ಗಳೊಳಗೂ ಇಣುಕಬಹುದು.

ಬಳಕೆದಾರರ ಪೋರ್ಟ್‌ಗೆ ವಿಲ್ಯಾನ್ ತಾನಾಗಿ ಬರಬೇಕಾದರೆ ಅದಕ್ಕೆ 802.1ಎಕ್ಸ್ ಇದೆ. ವ್ಯಕ್ತಿ ತನ್ನ ಗುರುತನ್ನು ಸಾಬೀತುಪಡಿಸಿದ ಮೇಲೆ, ಆ ಗುರುತನ್ನು ಪರಿಶೀಲಿಸುವ ರೇಡಿಯಸ್ ಸರ್ವರ್ ತನ್ನ ಉತ್ತರದಲ್ಲಿಯೇ ವಿಲ್ಯಾನ್ ಸಂಖ್ಯೆಯನ್ನು ಕಳುಹಿಸುತ್ತದೆ, ಸ್ವಿಚ್ ಆ ಪೋರ್ಟನ್ನು ಅದಕ್ಕೆ ಸೇರಿಸುತ್ತದೆ. ಇದು ಎಂವಿಆರ್‌ಪಿಯೊಂದಿಗೆ ಕೂಡಿದಾಗ ಇಡೀ ವ್ಯವಸ್ಥೆಗೆ ಪೂರ್ಣತೆ ಬರುತ್ತದೆ. ಒಬ್ಬರು ತಮ್ಮ ಯಂತ್ರವನ್ನು ಯಾವ ಕಟ್ಟಡದ ಯಾವ ಮೇಜಿಗೆ ಕೊಂಡೊಯ್ದರೂ ಅಲ್ಲಿನ ಪೋರ್ಟ್ ಅವರ ವಿಲ್ಯಾನ್ ಸೇರುತ್ತದೆ, ಆ ಸ್ವಿಚ್ ತನ್ನ ಅಪ್‌ಲಿಂಕ್ ಮೇಲೆ ಅದನ್ನು ಘೋಷಿಸುತ್ತದೆ, ದಾರಿ ತೆರೆಯುತ್ತದೆ. ಅವರು ಎದ್ದುಹೋದ ಮೇಲೆ ದಾರಿ ಮುಚ್ಚುತ್ತದೆ.

ಮಿತಿಗಳನ್ನೂ ಹೇಳಬೇಕು. ಎಂವಿಆರ್‌ಪಿ ವಿಲ್ಯಾನ್‌ನ ಸಂಖ್ಯೆಯನ್ನು ಮಾತ್ರ ಒಯ್ಯುತ್ತದೆ, ಹೆಸರನ್ನು ಒಯ್ಯುವುದಿಲ್ಲ. ಆದ್ದರಿಂದ ಸಂಖ್ಯೆಗಳ ಅರ್ಥವನ್ನು ದಾಖಲಿಸಿದ ಪುಸ್ತಕ ನಮ್ಮ ಕೈಯಲ್ಲಿರಬೇಕು. ವಿಲ್ಯಾನ್‌ಗಳ ಪ್ರತಿ ಗುಂಪಿಗೂ ಬೇರೆ ಬೇರೆ ಸ್ಪ್ಯಾನಿಂಗ್ ಟ್ರೀ ನಡೆಸುವ ಎಂಎಸ್‌ಟಿಪಿ ಬಳಸುವ ಜಾಲದಲ್ಲಿ ಯಾವ ವಿಲ್ಯಾನ್ ಯಾವ ಗುಂಪಿಗೆ (ಇನ್‌ಸ್ಟೆನ್ಸ್‌ಗೆ) ಸೇರಬೇಕೆಂಬ ಹಂಚಿಕೆ ಅದು ಹರಡಿರುವ ಇಡೀ ವಲಯದಲ್ಲಿ (ರೀಜನ್‌ನಲ್ಲಿ) ಒಂದೇ ಆಗಿರಬೇಕಾದ್ದರಿಂದ, ಮುಂದೆ ಬಳಸಲಿರುವ ಸಂಖ್ಯೆಗಳನ್ನೂ ಮೊದಲೇ ಹಂಚಿಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹರಿವು ಕಡಿಮೆಯಾದರೂ ಕೋಷ್ಟಕ ಚಿಕ್ಕದಾಗುವುದಿಲ್ಲ. ಮೂರು ಸ್ವಿಚ್‌ಗಳ ಉದಾಹರಣೆಯನ್ನು ಮತ್ತೆ ನೋಡಿ: ಕೊನೆಯ ಸ್ವಿಚ್‌ನಲ್ಲಿ 30 ಬೇಕಾದವರು ಯಾರೂ ಇಲ್ಲದಿದ್ದರೂ ಅದರ ಅಪ್‌ಲಿಂಕ್ ಪೋರ್ಟ್ 30ನ್ನು ನೋಂದಾಯಿಸಿಕೊಂಡಿತ್ತು. ಅಂದರೆ ಜಾಲದಲ್ಲಿ ಘೋಷಣೆಯಾದ ಎಲ್ಲ ವಿಲ್ಯಾನ್‌ಗಳೂ ಪ್ರತಿಯೊಂದು ಸ್ವಿಚ್‌ನ ಕೋಷ್ಟಕದಲ್ಲಿ ಜಾಗ ಹಿಡಿಯುತ್ತವೆ. ಕೆಲವೇ ನೂರು ವಿಲ್ಯಾನ್‌ಗಳನ್ನು ತಾಳಬಲ್ಲ ಸಣ್ಣ ಸ್ವಿಚ್‌ಗಳಿರುವಲ್ಲಿ ಈ ಲೆಕ್ಕವನ್ನು ಮೊದಲೇ ಹಾಕಬೇಕು.

ಚಾಲ್ತಿಯಲ್ಲಿರುವ ಜಾಲವೊಂದನ್ನು ಕೈಪಟ್ಟಿಯಿಂದ ಎಂವಿಆರ್‌ಪಿಗೆ ಹೊರಳಿಸುವುದಾದರೆ ಅಂಚಿನಿಂದ ಒಳಕ್ಕೆ ಬರಬೇಕು ಎಂಬುದು ನನ್ನ ಅನುಭವ. ಕೈಯಿಂದ ಬರೆದ ಟ್ರಂಕ್ ಪಟ್ಟಿಯೂ ಫಿಕ್ಸೆಡ್ ನೋಂದಣಿಯೇ ಆಗಿರುವುದರಿಂದ, ಜಾಲದ ನಡುಭಾಗವಾದ ಕೋರ್‌ನಿಂದ ಆರಂಭಿಸಿದರೆ ಕೆಳಗಿನ ಪ್ರತಿ ಸ್ವಿಚ್ ತನ್ನ ಹಳೆಯ ಪಟ್ಟಿಯನ್ನೆಲ್ಲ ಬೇಡಿಕೆಯೆಂದು ಮೇಲಕ್ಕೆ ಘೋಷಿಸುತ್ತದೆ, ಏನೂ ಬದಲಾಗುವುದಿಲ್ಲ. ಸಾಲಿನ ಕಟ್ಟಕಡೆಯ ಸ್ವಿಚ್‌ಗೆ ಒಂದೇ ಅಪ್‌ಲಿಂಕ್ ಇರುತ್ತದೆ. ಆ ಅಪ್‌ಲಿಂಕ್‌ನ ಪಟ್ಟಿ ಅದೇ ಅಪ್‌ಲಿಂಕ್‌ನ ಮೇಲೆ ಮರಳಿ ಘೋಷಣೆಯಾಗುವುದಿಲ್ಲವಾದ್ದರಿಂದ, ಅದು ಮೇಲಕ್ಕೆ ಕೇಳುವುದು ತನ್ನ ಆಕ್ಸೆಸ್ ಪೋರ್ಟ್‌ಗಳಿಗೆ ನಿಜವಾಗಿ ಬೇಕಾದುದನ್ನು ಮಾತ್ರ. ಅಲ್ಲಿ ಎಂವಿಆರ್‌ಪಿ ಚಾಲೂ ಮಾಡಿ, ಹೊರಹೋಗುವ ಘೋಷಣೆಗಳನ್ನು ವೈರ್‌ಶಾರ್ಕ್ ಎಂಬ ತಂತ್ರಾಂಶದಲ್ಲಿ ಹಿಡಿದು ಹಳೆಯ ಪಟ್ಟಿಯೊಂದಿಗೆ ಹೋಲಿಸಿದ ಮೇಲೆಯೇ ಆ ಕೊಂಡಿಯ ಎರಡೂ ಬದಿಯ ಕೈಪಟ್ಟಿಯನ್ನು ತೆಗೆಯಬೇಕು. ಆ ಬಳಿಕ ಒಂದು ಹೆಜ್ಜೆ ಒಳಕ್ಕೆ. ಮೊದಲಲ್ಲಿ ಹೇಳಿದ ಆ ಆರು ಸ್ವಿಚ್‌ಗಳ ಸಾಲನ್ನು ನಾನು ಹೀಗೆಯೇ ಹೊರಳಿಸಿದೆ. ನನ್ನ ಒಂದು ತಪ್ಪಿನಿಂದ ಒಮ್ಮೆಲೇ ನಿಂತುಹೋಗಿದ್ದ ಆ 14 ವಿಲ್ಯಾನ್‌ಗಳಲ್ಲಿ, ಸಾಲಿನ ಕೊನೆಯ ಸ್ವಿಚ್ ತನಗೆ ಬೇಕೆಂದು ಕೇಳಿದ್ದು 5ನ್ನು ಮಾತ್ರ.